ಮಡಿಕೇರಿ ಕಡೆ ಮನೆ ತಗೊಳ್ಳಬೇಕು, ನಂಬಬಹುದಾದ ಬ್ರೋಕರ್ ಹುಡುಕೋದು ಹೇಗೆ?

ಮೂರ್ನಾಡು_ಮಳೆ:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಮಡಿಕೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಅಪ್ಪ ಹೋದ ಮೇಲೆ ಮೂರ್ನಾಡಿನ ಮನೆ ದೊಡ್ಡಪ್ಪನ ಪಾಲಿಗೆ ಹೋಯಿತು, ನಮ್ಮ ಪಾಲಿಗೆ ದುಡ್ಡು ಬಂತು. ಅದಕ್ಕೆ ನನ್ನ ಉಳಿತಾಯ, ಒಂದಿಷ್ಟು ಬ್ಯಾಂಕ್ ಸಾಲ ಸೇರಿಸಿ 55–60 ಲಕ್ಷದೊಳಗೆ ಅಮ್ಮನಿಗೊಂದು ಮನೆ ನೋಡುತ್ತಿದ್ದೇನೆ. ಮಡಿಕೇರಿ ಸುತ್ತಮುತ್ತ ಆದರೆ ಒಳ್ಳೆಯದು, ಕುಶಾಲನಗರವಾದರೂ ಸರಿ. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಜಾಸ್ತಿ ಇರಬಾರದು.

ಜನವರಿಯಿಂದ ಮೂರು ಜನ ಬ್ರೋಕರ್‌ಗಳ ಜೊತೆ ಓಡಾಡಿದ್ದೇನೆ. ಮೊದಲನೆಯವರು ಗಾಡಿ ಖರ್ಚು ಅಂತ ಮುಂಚೆಯೇ 5,000 ತೆಗೆದುಕೊಂಡು ಎರಡು ಮನೆ ತೋರಿಸಿದರು. ಎರಡೂ ಮಾರಾಟಕ್ಕೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಎರಡನೆಯವರು ಒಂದು ಮನೆ ತೋರಿಸಿ, ‘ನಾಳೆ ಬೆಂಗಳೂರು ಪಾರ್ಟಿ ಬರುತ್ತದೆ, ಇವತ್ತೇ ಒಂದು ಲಕ್ಷ ಅಡ್ವಾನ್ಸ್ ಕೊಡಿ’ ಅಂದರು. ಪುಣ್ಯಕ್ಕೆ ಕೊಡಲಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿದರೆ ಅದು 11ಬಿ, ಅಂದರೆ ಪೂರ್ತಿ ಸಕ್ರಮ ಆಗದ ಆಸ್ತಿಯ ನಮೂನೆ. ಬ್ಯಾಂಕಿನವರು ಸಾಲ ಆಗಲ್ಲ ಅಂದರು. ಮೂರನೆಯವರು ಒಳ್ಳೆಯವರೇ, ಆದರೆ ಜಾಗ ಯಾವ ಬಗೆಯದು, ಬಾಣೆಯಾ ಸಾಗುವಾ ಅಂತ ಕೇಳಿದರೆ ‘ಅದೆಲ್ಲ ವಕೀಲರು ನೋಡಿಕೊಳ್ಳುತ್ತಾರೆ ಮೇಡಂ’ ಅನ್ನುತ್ತಾರೆ.

ಸರಿಯಾದ ಬ್ರೋಕರ್ ಅಂತ ಮೊದಲೇ ಗೊತ್ತು ಮಾಡಿಕೊಳ್ಳೋದು ಹೇಗೆ? ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ನಂಬರ್ ಕೇಳಬೇಕಾ? ಯಾರ ಹೆಸರೂ ಬೇಡ, ಏನು ನೋಡಬೇಕು ಅಂತ ಹೇಳಿಕೊಡಿ.

ಕಾಫಿಹೂವು:
ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಮನೆ ತೋರಿಸುತ್ತೀರಾ ಅಂತ ಕೇಳಿ. ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಕಾವೇರಿ_ದಂಡೆ:
ರೇರಾ ನಂಬರ್ ಇಲ್ಲದ ಯಾರ ಜೊತೆಗೂ ವ್ಯವಹಾರ ಮಾಡಬೇಡಿ ಅಕ್ಕ. 2016ರ ಕಾಯ್ದೆ ಪ್ರಕಾರ ಎಲ್ಲ ಬ್ರೋಕರ್‌ಗಳೂ ನೋಂದಣಿ ಮಾಡಿಸಲೇಬೇಕು. ಇಲ್ಲದಿದ್ದರೆ ಅವರು ಮಾಡುತ್ತಿರೋದೇ ಅಕ್ರಮ.

ಸರಪಳಿ_ಅಳತೆ:
ತಮ್ಮಾ, ಅದು ಪೂರ್ತಿ ಸರಿ ಅಲ್ಲ. ರೇರಾದಲ್ಲಿ ನೋಂದಣಿ ಆಗಬೇಕಾದ ಯೋಜನೆಗಳು, ಅಂದರೆ ಹೊಸ ಲೇಔಟ್, ಹೊಸ ಅಪಾರ್ಟ್‌ಮೆಂಟ್ ಇಂಥವುಗಳಲ್ಲಿ ಸೈಟು, ಮನೆ ಮಾರಿಸಿಕೊಡುವ ಏಜೆಂಟ್‌ಗೆ ನೋಂದಣಿ ಕಡ್ಡಾಯ. ಆ ಯೋಜನೆ 500 ಚದರ ಮೀಟರ್ ಮತ್ತು ಎಂಟು ಮನೆಯೊಳಗಿನ ಸಣ್ಣದಾದರೆ ನೋಂದಣಿ ಬೇಕಿಲ್ಲ. ಈ ಹುಡುಗಿ ನೋಡುತ್ತಿರೋದು ಯಾರೋ ಕಟ್ಟಿ ವಾಸ ಮಾಡಿದ ಹಳೇ ಮನೆ. ಅದನ್ನು ಮಾರಿಸಿಕೊಡುವವರಿಗೆ ಈ ಕಾಯ್ದೆ ತಗಲುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮನೆ, ತೋಟ ಮಾಡಿಸುವವರಲ್ಲಿ ಮುಕ್ಕಾಲು ಪಾಲು ಇಂಥವರೇ. ಹಾಗಂತ ಅವರೆಲ್ಲ ಅಕ್ರಮ ಅನ್ನೋದು ತಪ್ಪು.

ಕುಶಾಲನಗರದ ಕಡೆ ಹೊಸ ಲೇಔಟ್ ತೋರಿಸಿದರೆ ಮಾತ್ರ ಲೇಔಟಿನ ನಂಬರ್, ಏಜೆಂಟ್ ನಂಬರ್ ಎರಡನ್ನೂ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹಾಕಿ ನೋಡಿ.

ಕಾವೇರಿ_ದಂಡೆ:
ಸರಿ ಅಂಕಲ್, ಗೊತ್ತಿರಲಿಲ್ಲ. ಆದರೂ ನಂಬರ್ ಇದ್ದವರು ಸ್ವಲ್ಪ ಜವಾಬ್ದಾರಿ ಇರುವವರು ಅಲ್ವಾ?

ಸರಪಳಿ_ಅಳತೆ:
ಇರಬಹುದು. ಆದರೆ ನಂಬರ್ ಇದ್ದೂ ಪಹಣಿ ಓದಲು ಬಾರದವರನ್ನು ನಾನು ಕಂಡಿದ್ದೇನೆ.

ಸುಂಟಿಕೊಪ್ಪ_ಸೋಮ:
ಬ್ರೋಕರ್ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗುವುದಿಲ್ಲ. ಒಬ್ಬ ಒಳ್ಳೆ ವಕೀಲರನ್ನು ಹಿಡಿಯಿರಿ, ಫೇಸ್‌ಬುಕ್‌ನಲ್ಲಿ ಓನರ್‌ಗಳೇ ಹಾಕುತ್ತಾರೆ, ನೇರ ಮಾತಾಡಿ. 60 ಲಕ್ಷಕ್ಕೆ ಶೇ 2 ಅಂದರೆ 1.2 ಲಕ್ಷ. ಅಮ್ಮನ ಮನೆಗೆ ಒಂದು ರೂಮಿನ ಸಾಮಾನು ಬರುತ್ತದೆ ಅದರಲ್ಲಿ.

ನೀರಿನ_ಗುರುತು:
ಸೋಮಣ್ಣ, ವಕೀಲರು ಕಾಗದ ನೋಡುತ್ತಾರೆ. ಗೋಡೆ ಯಾರು ನೋಡುತ್ತಾರೆ? ನಮ್ಮ ಮನೆ ಕಥೆ ಹೇಳುತ್ತೇನೆ.

2020ರಲ್ಲಿ ಕುಶಾಲನಗರದಲ್ಲಿ ಮನೆ ನೋಡಲು ಹೋದೆವು. ಕಾವೇರಿಗೆ ಹತ್ತಿರದ ಬಡಾವಣೆ. ಓನರ್ ಜೊತೆ ಫೋನಿನಲ್ಲಿ ಮಾತು ಮುಗಿದಿತ್ತು, ರೇಟೂ ಒಪ್ಪಿಗೆ ಆಗಿತ್ತು. ಕಾಗದವನ್ನು ವಕೀಲರು ಸರಿ ಇದೆ ಅಂದಿದ್ದರು. ಮನೆ ತುಂಬಾ ಹೊಸ ಬಣ್ಣ, ಫಳಫಳ ಅಂತಿತ್ತು. ನಮ್ಮ ಮಾವನಿಗೆ ಗೊತ್ತಿದ್ದ ಒಬ್ಬರು ಬ್ರೋಕರ್ ಅಣ್ಣನನ್ನು ಸುಮ್ನೆ ಜೊತೆಗೆ ಕರೆದುಕೊಂಡು ಹೋಗಿದ್ದೆವು. ಅವರು ಹಾಲ್ ನೋಡಲೇ ಇಲ್ಲ. ನೇರ ಸ್ಟೋರ್ ರೂಮಿಗೆ ಹೋಗಿ, ಬಾಗಿಲ ಚೌಕಟ್ಟಿನ ಬುಡವನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಬಣ್ಣದ ಕೆಳಗಿನ ಮರ ಪುಡಿಯಾಗಿ ಉದುರಿತು. ಆಮೇಲೆ ಪ್ಲಗ್ ಪಾಯಿಂಟ್ ತೋರಿಸಿದರು. ಮೇಲಿನ ಸ್ವಿಚ್‌ಗಳೆಲ್ಲ ಹಳದಿ ತಿರುಗಿದ ಹಳೇವು, ಕೆಳಗಿನ ಪ್ಲಗ್‌ಗಳು ಮಾತ್ರ ಹೊಚ್ಚ ಹೊಸವು. ಓನರ್ ಎದುರಿಗೇ ಸೊಂಟದ ಹತ್ತಿರ ಕೈ ಇಟ್ಟು, ‘2018ರಲ್ಲೂ 2019ರಲ್ಲೂ ನೀರು ಇಲ್ಲಿವರೆಗೆ ಬಂದಿತ್ತು, ಅಲ್ವಾ ಸರ್?’ ಅಂತ ಕೇಳಿದರು. ಓನರ್ ಮಾತಾಡಲಿಲ್ಲ.

ನಾವು ತೆಗೆದುಕೊಳ್ಳಲಿಲ್ಲ. ಆ ಅಣ್ಣನಿಗೆ ಅವತ್ತು ಒಂದು ರೂಪಾಯಿಯೂ ಸಿಗಲಿಲ್ಲ. ಒಂದು ವರ್ಷ ಬಿಟ್ಟು ಅವರ ಕೈಯಿಂದಲೇ ಬೇರೆ ಮನೆ ಮಾಡಿದೆವು, ಕೇಳಿದಷ್ಟು ಕಮಿಷನ್ ಸಂತೋಷವಾಗಿ ಕೊಟ್ಟೆವು.

ಕಾಫಿಹೂವು:
ಇದು ಕಣ್ರೀ. ಬೇಡ ಅನ್ನಲು ಬಾಯಿ ಬರುವವರು ಬೇಕು.

ಸುಂಟಿಕೊಪ್ಪ_ಸೋಮ:
ಒಪ್ಪಿದೆ ಅಕ್ಕ. ಆದರೆ ಅಂಥವರು ಹತ್ತರಲ್ಲಿ ಒಬ್ಬರು. ಉಳಿದ ಒಂಬತ್ತು ಜನರಿಂದ ತಪ್ಪಿಸಿಕೊಳ್ಳೋದೇ ಇಲ್ಲಿ ಪ್ರಶ್ನೆ.

ಮೂರ್ನಾಡು_ಮಳೆ:
ಓದಿ ಮೈ ಜುಂ ಅಂತು ಅಕ್ಕ. ನಾನೂ ಅದೇ ಕಡೆ ಒಂದು ಮನೆ ನೋಡಿ ಬಂದಿದ್ದೇನೆ, ಹೊಸ ಬಣ್ಣ ನೋಡಿ ಖುಷಿಪಟ್ಟಿದ್ದೆ. ಸರಪಳಿ ಅಂಕಲ್, ಬ್ರೋಕರ್‌ಗೆ ಪಹಣಿ ಓದಲು ಬರುತ್ತದಾ ಅಂತ ನನಗೆ ಹೇಗೆ ಗೊತ್ತಾಗಬೇಕು? ನನಗೇ ಸರಿಯಾಗಿ ಬರುವುದಿಲ್ಲ.

ಸರಪಳಿ_ಅಳತೆ:
ಬರೆಯುತ್ತೇನೆ ಮಗಳೇ, ಸ್ವಲ್ಪ ಉದ್ದ ಆಗುತ್ತದೆ. ನಾನು ಸರ್ವೆ ಇಲಾಖೆಯಲ್ಲಿದ್ದು ನಿವೃತ್ತಿ ಆದವನು.

ಬೇರೆ ಜಿಲ್ಲೆಯ ಪಹಣಿಯಲ್ಲಿ ಇಲ್ಲದ ಮಾತುಗಳು ನಮ್ಮಲ್ಲಿವೆ. ಜಮ್ಮ ಅಂದರೆ ರಾಜರ ಕಾಲದಿಂದ ಒಕ್ಕಗಳಿಗೆ (ಕೊಡವರ ಕೂಡು ಮನೆತನಗಳಿಗೆ) ವಂಶದಲ್ಲಿ ಬಂದ ಜಮೀನು. ಗದ್ದೆಯ ಜೊತೆಗೆ ಸೌದೆ, ಸೊಪ್ಪು, ಮೇವಿಗೆ ಅಂತ ಕೊಟ್ಟ ಗುಡ್ಡದ ಜಾಗ ಬಾಣೆ. ಸಾಗು ಅಂದರೆ ಪೂರ್ತಿ ಕಂದಾಯ ಕಟ್ಟುವ ಜಮೀನು. ಪೈಸಾರಿ ಸರ್ಕಾರದ್ದು. ಬಾಣೆಯಲ್ಲೂ ಮರದ ಬೆಲೆ ಸರ್ಕಾರಕ್ಕೆ ಕಟ್ಟಿದ್ದರೆ ರಿಡೀಮ್ಡ್, ಕಟ್ಟದಿದ್ದರೆ ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಾಗದಲ್ಲಿ ನಿಂತ ಬೀಟೆ ಮರ ನೋಡಿ ‘ಇದನ್ನು ಮಾರಿದರೇ ಸಾಲ ತೀರುತ್ತದೆ’ ಅಂತ ಯಾರಾದರೂ ಹೇಳಿದರೆ, ಆ ಬ್ರೋಕರ್‌ನ ಅಲ್ಲೇ ಬಿಡಿ.

ಇನ್ನು ಪರೀಕ್ಷೆ. ಪಹಣಿ ಅವರ ಕೈಗೆ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ಗೊತ್ತಿರುವವರ ಕಣ್ಣು ಮೊದಲು 9ನೇ ಕಾಲಂಗೆ ಹೋಗುತ್ತದೆ, ಯಾರ್‍ಯಾರ ಹೆಸರಿದೆ ಅಂತ. ಆಮೇಲೆ 11ಕ್ಕೆ, ಸಾಲ ಇದೆಯಾ, ತಕರಾರು ಇದೆಯಾ ಅಂತ. ‘ಪೋಡಿ ಆಗಿದೆಯಾ?’, ಅಂದರೆ ಅಳೆದು ಪಾಲು ಬೇರೆ ಮಾಡಿದೆಯಾ, ಅಂತ ಅವರೇ ಓನರ್‌ನ ಕೇಳಬೇಕು. ಮನೆ ಕಟ್ಟಿದ ಜಾಗ ಕೃಷಿಯಿಂದ ವಾಸಕ್ಕೆ ಪರಿವರ್ತನೆ ಆಗಿದೆಯಾ, ಆದೇಶದ ಪ್ರತಿ ಎಲ್ಲಿ ಅಂತ ಕೇಳಬೇಕು. ಹಳ್ಳಿ ಕಡೆ ಆದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇದೆಯಾ ಅಂತ ಕೇಳಬೇಕು. ಇಷ್ಟನ್ನು ನೀವು ಬಾಯಿ ಬಿಡುವ ಮೊದಲೇ ಕೇಳಿದವರು ಕೆಲಸ ಬಲ್ಲವರು. ನಿಮ್ಮ ಮೂರನೆಯವರು ಒಳ್ಳೆಯವರೇ ಇರಬಹುದು, ಆದರೆ ಕೊಡಗಿನಲ್ಲಿ ಬಾಣೆ, ಸಾಗು ಗೊತ್ತಿಲ್ಲದೆ ಜಾಗ ಮಾರಿಸೋದು ಸರಿ ಅಲ್ಲ.

ಒಕ್ಕದ_ಹುಡುಗ:
ಅಂಕಲ್ ಹೇಳಿದ 9ನೇ ಕಾಲಂ ವಿಷಯಕ್ಕೆ ನಮ್ಮ ಮನೆಯದ್ದೇ ಉದಾಹರಣೆ. ಜಮ್ಮ ಜಾಗ, ಪಟ್ಟೆದಾರರು (ಕುಟುಂಬದ ಪರವಾಗಿ ಕಾಗದದಲ್ಲಿ ಹೆಸರಿರುವವರು) ದೊಡ್ಡಜ್ಜ. ಒಬ್ಬ ಚಿಕ್ಕಪ್ಪ ತನ್ನ ಪಾಲಿಗೆ ಬಂದಿದೆ ಅಂತ ಮನೆ ಸಮೇತ ಸ್ವಲ್ಪ ಜಾಗ ಮಾರಲು ಹೊರಟರು. ಬಾಯಿಮಾತಿನ ಪಾಲು, ಕಾಗದದಲ್ಲಿ ಏನೂ ಇಲ್ಲ. ಬ್ರೋಕರ್‌ಗೆ ಇದು ಗೊತ್ತಿತ್ತು, ಆದರೂ ಬೆಂಗಳೂರಿನವರಿಂದ ಅಡ್ವಾನ್ಸ್ ಕೊಡಿಸಿಬಿಟ್ಟ. ಸಹಿ ಹಾಕಬೇಕಾದವರು ಹದಿನಾಲ್ಕು ಜನ. ಇಬ್ಬರು ಅತ್ತೆಯರು ಒಪ್ಪಲಿಲ್ಲ, ಒಬ್ಬ ಅಣ್ಣ ಹೊರದೇಶದಲ್ಲಿದ್ದಾನೆ. ಕೇಸು ಇನ್ನೂ ನಡೆಯುತ್ತಿದೆ. ಪಾಪ, ಆ ಬೆಂಗಳೂರಿನವರು ಪ್ರತಿ ತಾರೀಖಿಗೂ ಬಂದು ಹೋಗುತ್ತಾರೆ. ನಮ್ಮ ಮನೆಯಲ್ಲಿ ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಸೇರಿ ನಾಲ್ಕು ವರ್ಷ ಆಯಿತು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಒಕ್ಕದ ಜಾಗ ಮಾಡಿಸುವ ಬ್ರೋಕರ್ ಮೊದಲು ಕುಟುಂಬದ ಹಿರಿಯರ ಹತ್ತಿರ ಹೋಗಿ ಕೂರಬೇಕು. ಕೂರದವರನ್ನು ನಂಬಬೇಡಿ.

ಬೆಟ್ಟದ_ಬೆಂಗಳೂರಿಗ:
ಹೊರಗಿನವರು ಕೊಡಗಿನಲ್ಲಿ ಕೃಷಿ ಜಮೀನು ತೆಗೆದುಕೊಳ್ಳಲು ಆಗುವುದೇ ಇಲ್ಲ, ರೈತ ಅಂತ ಸರ್ಟಿಫಿಕೇಟ್ ಬೇಕು ಅಂತ ಒಬ್ಬ ಬ್ರೋಕರ್ ಹೇಳಿದ. ಅದನ್ನು ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುತ್ತಿದ್ದಾನೆ. ಹೌದಾ?

ಸರಪಳಿ_ಅಳತೆ:
ಇಲ್ಲ. 2020ರ ತಿದ್ದುಪಡಿಯಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಎರಡನ್ನೂ ತೆಗೆದಿದ್ದಾರೆ. ರೈತರಲ್ಲದವರೂ ಕೊಳ್ಳಬಹುದು. ದುಡ್ಡು ಕೊಡಬೇಡಿ, ಆ ಬ್ರೋಕರ್‌ನ ಬಿಡಿ.

ಬೆಟ್ಟದ_ಬೆಂಗಳೂರಿಗ:
ಧನ್ಯವಾದ ಸರ್. ನಿಜವಾಗಿಯೂ ಕೊಡುವುದರಲ್ಲಿದ್ದೆ.

ಹಾರಂಗಿ_ಹಕ್ಕಿ:
ಹೊರಗಿನವರೆಲ್ಲ ಬಂದು ಕೊಳ್ಳಲಿ ಅಂತ ಬಾಗಿಲು ತೆಗೆದೇ ನಮ್ಮ ಮಕ್ಕಳಿಗೆ ಐದು ಸೆಂಟ್ ಜಾಗ ಸಿಗದ ಹಾಗೆ ಆಗಿರೋದು. ಇದನ್ನೂ ಯಾರಾದರೂ ಹೇಳಬೇಕಲ್ಲ.

ಬೆಟ್ಟದ_ಬೆಂಗಳೂರಿಗ:
ನಾನು ಹೋಂಸ್ಟೇ ಮಾಡಲು ಬರುತ್ತಿಲ್ಲ ಅಣ್ಣ. ನನ್ನ ಹೆಂಡತಿ ನಾಪೋಕ್ಲಿನವಳು, ಅವಳ ಊರಿಗೆ ವಾಪಸ್ ಬರಬೇಕು ಅಂತ ಆಸೆ.

ಹಾರಂಗಿ_ಹಕ್ಕಿ:
ನಿಮ್ಮನ್ನು ಹೇಳಿದ್ದಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಊರಿನ ಅಳಿಯ ಬಂದರೆ ಸಂತೋಷವೇ.

ಮಧ್ಯಸ್ಥ_ವಿರಾಜಪೇಟೆ:
ಇಷ್ಟು ಹೊತ್ತು ಓದುತ್ತಿದ್ದೆ. ನಾನು ಬ್ರೋಕರ್. ಹದಿನೇಳು ವರ್ಷದಿಂದ ಇದೇ ನನ್ನ ಅನ್ನ. ನಮ್ಮಲ್ಲಿ ಕೆಟ್ಟವರಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಕಡೆಯ ಮಾತೂ ಕೇಳಿ.

ಒಂದು ಮನೆ ಮಾಡಿಸಲು ಆರು ತಿಂಗಳು ಓಡಾಡುತ್ತೇನೆ. ನಾಡಕಚೇರಿ, ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ. ಅಣ್ಣ ತಮ್ಮಂದಿರಿಗೆ ಮಾತು ನಿಂತಿದ್ದರೆ ಇಬ್ಬರ ಮನೆಯಲ್ಲೂ ಕಾಫಿ ಕುಡಿದು ಸಮಾಧಾನ ಮಾಡುತ್ತೇನೆ. ಕೊನೆಗೆ ಕೊಳ್ಳುವವರು ಓನರ್ ನಂಬರ್ ಇಸಿದುಕೊಂಡು ನನ್ನನ್ನು ಬಿಟ್ಟು ರಿಜಿಸ್ಟ್ರೇಷನ್ ಮಾಡಿಸಿಕೊಳ್ಳುತ್ತಾರೆ. ಹೀಗೆ ಎಷ್ಟು ಸಲ ಆಗಿದೆ ಅಂತ ಲೆಕ್ಕ ಇಟ್ಟಿಲ್ಲ. ಅದಕ್ಕೇ ಕೆಲವರು ಮೊದಲೇ ಗಾಡಿ ಖರ್ಚು ಕೇಳುತ್ತಾರೆ. ಮಾರಾಟಕ್ಕಿಲ್ಲದ ಮನೆ ತೋರಿಸಿದ್ದು ಮಾತ್ರ ಮೋಸವೇ.

ಮೇಡಂ, ನಿಮಗೆ ನನ್ನ ಸಲಹೆ. ಮೊದಲ ದಿನವೇ ಕಮಿಷನ್ ಎಷ್ಟು, ಯಾವಾಗ, ಯಾರು ಕೊಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಇಬ್ಬರೂ ಸಹಿ ಹಾಕಿ. ನಾನು ಕೊಳ್ಳುವವರಿಂದ ಶೇ 2 ತೆಗೆದುಕೊಳ್ಳುತ್ತೇನೆ, ರಿಜಿಸ್ಟ್ರೇಷನ್ ದಿನ ಮಾತ್ರ. ಬರೆದುಕೊಡಲು ಹಿಂಜರಿಯುವವರು ಬೇಡ.

ಸುಂಟಿಕೊಪ್ಪ_ಸೋಮ:
ಅಣ್ಣ, ನೇರ ಕೇಳುತ್ತೇನೆ. ಓನರ್ 50 ಅಂದರೆ ನೀವು 56 ಹೇಳಿ, ಮಧ್ಯದ ಆರು ನೀವು ಇಟ್ಟುಕೊಳ್ಳುತ್ತೀರಲ್ಲ, ಅದು ಯಾವ ಹಾಳೆಯಲ್ಲಿ ಬರೆಯುತ್ತೀರಿ? ನನಗೆ ಹಾಗೆ ಆಗಿದೆ. ರಿಜಿಸ್ಟ್ರೇಷನ್ ಆಗಿ ಎರಡು ವರ್ಷದ ಮೇಲೆ, ಹಳೇ ಓನರ್ ಮದುವೆ ಮನೆಯಲ್ಲಿ ಸಿಕ್ಕಿ ಮಾತಾಡುವಾಗ ಗೊತ್ತಾಯಿತು. ಅವತ್ತು ಇಬ್ಬರಿಗೂ ಊಟ ಸೇರಲಿಲ್ಲ.

ಮಧ್ಯಸ್ಥ_ವಿರಾಜಪೇಟೆ:
ಮಾಡುವವರಿದ್ದಾರೆ. ನಾನು ಮಾಡಿಲ್ಲ ಅಂತ ಇಲ್ಲಿ ಹೇಳಿದರೆ ನೀವು ನಂಬಬೇಕಾಗಿಲ್ಲ. ತಪ್ಪಿಸಿಕೊಳ್ಳುವ ದಾರಿ ಹೇಳುತ್ತೇನೆ. ರೇಟಿನ ಮಾತು ಓನರ್, ನೀವು, ಬ್ರೋಕರ್ ಮೂವರೂ ಒಂದೇ ಜಾಗದಲ್ಲಿ ಕೂತು ಆಡಿ. ‘ಓನರ್ ಬರಲ್ಲ, ನನ್ನ ಹತ್ತಿರವೇ ಮಾತಾಡಿ’ ಅಂದರೆ ಎದ್ದು ಬನ್ನಿ.

ಸುಂಟಿಕೊಪ್ಪ_ಸೋಮ:
ಇದು ಒಪ್ಪುವ ಮಾತು. ಸಿಟ್ಟಿನಲ್ಲಿ ಕೇಳಿದೆ ಅಣ್ಣ, ನಿಮ್ಮ ಮೇಲಲ್ಲ.

ಅಮ್ಮತ್ತಿ_ಆನೆದಾರಿ:
ಸಿದ್ದಾಪುರ, ಅಮ್ಮತ್ತಿ ಕಡೆ ಮನೆ ನೋಡುವವರು ಆನೆ ಓಡಾಡುವ ದಾರಿ ಕೇಳುವುದನ್ನು ಮರೆಯಬೇಡಿ. ನಮ್ಮ ಮನೆ ಗೇಟ್ ಎರಡು ಸಲ ಹೋಗಿದೆ. ಹಲಸಿನ ಮರ ಇದ್ದರಂತೂ ಹಣ್ಣಿನ ಕಾಲದಲ್ಲಿ ರಾತ್ರಿ ನಿದ್ದೆ ಇಲ್ಲ. ಬ್ರೋಕರ್ ಅಂಗಳದ ಹಲಸಿನ ಮರ ತೋರಿಸಿ ‘ತುಂಬಾ ಸಿಹಿ ಹಣ್ಣು’ ಅಂತ ಮಾತ್ರ ಹೇಳಿದ್ದರು.

ಕಾಫಿಹೂವು:
ನಮ್ಮ ತೋಟದ ಕೆಲಸಗಾರರ ಲೈನ್ ಮನೆ ಹಿಂದೆ ಮೊನ್ನೆಯೂ ಬಂದಿತ್ತು. ಬೆಳಿಗ್ಗೆ ಕೆಲಸದವರನ್ನು ಕಳಿಸಲು ಭಯ.

ಅಮ್ಮತ್ತಿ_ಆನೆದಾರಿ:
ಹುಷಾರು. ಕಾಫಿ ಕೊಯ್ಲಿನ ಸಮಯದಲ್ಲಿ ಇನ್ನೂ ಕಷ್ಟ.

ಮಕ್ಕಂದೂರಿನವಳು:
ವಿಷಯಕ್ಕೆ ವಾಪಸ್ ಬರುತ್ತೇನೆ. ಕಾಗದ, ಕಮಿಷನ್ ಎಲ್ಲ ಆಯಿತು. ಗುಡ್ಡ ಕುಸಿಯುವ ಮಾತು ಯಾರೂ ಎತ್ತಲಿಲ್ಲ.

2018ರ ಆಗಸ್ಟ್‌ನಲ್ಲಿ ನಾವು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಬಂದವರು. ನಮ್ಮ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಮನೆಯೇ ಉಳಿಯಲಿಲ್ಲ. ಮಡಿಕೇರಿ ಪೇಟೆಯೊಳಗೇ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಏನಾಯಿತು ಅಂತ ಎಲ್ಲರೂ ನೋಡಿದ್ದೀರಿ. ಮಾರನೇ ವರ್ಷ ತೋರ ಊರಿನಲ್ಲೂ ಗುಡ್ಡ ಕುಸಿಯಿತು.

ಆಮೇಲೆ ಮನೆ ನೋಡುವಾಗ ನಾನು ಬ್ರೋಕರ್‌ಗೆ ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಈ ಜಾಗ ಮೊದಲು ಏನಾಗಿತ್ತು?’ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಕಡಿದು ಸಮ ಮಾಡಿದ್ದಾ, ಗದ್ದೆಗೆ ಮಣ್ಣು ತುಂಬಿದ್ದಾ, ಹಳೇ ತೋಟದ ಮಟ್ಟವೇನಾ? ಮೂರು ಜನ ‘ಮೊದಲಿಂದಲೂ ಹೀಗೇ ಇತ್ತು’ ಅಂದರು. ನಾಲ್ಕನೆಯವರು ಮಾತ್ರ ನನ್ನನ್ನು ಮನೆ ಹಿಂದಕ್ಕೆ ಕರೆದುಕೊಂಡು ಹೋದರು. ಬರೆ ಹತ್ತು ಹನ್ನೆರಡು ಅಡಿ ನೆಟ್ಟಗೆ ನಿಂತಿತ್ತು, ಜೆಸಿಬಿ ಹಲ್ಲಿನ ಗುರುತು ಇನ್ನೂ ಇತ್ತು. ಮೇಲಿನ ಸಿಲ್ವರ್ ಓಕ್ ಮರಗಳು ಬುಡದಲ್ಲಿ ನಮ್ಮ ಕಡೆಗೆ ಬಾಗಿ, ಆಮೇಲೆ ಮೇಲಕ್ಕೆ ನೆಟ್ಟಗೆ ಬೆಳೆದಿದ್ದವು. ‘ಮಣ್ಣು ನಿಧಾನಕ್ಕೆ ಜಾರುತ್ತಿದ್ದರೆ ಮರ ಹೀಗಾಗುತ್ತದೆ ಅಕ್ಕ’ ಅಂದರು. ಬರೆಯ ಬುಡದಲ್ಲಿ ಒಂದು ಕಡೆ ಫೆಬ್ರವರಿಯಲ್ಲೂ ಒದ್ದೆ ಇತ್ತು. ಒರತೆ. ‘ಇದು ಮಳೆಗಾಲದಲ್ಲಿ ಕೆಂಪಗೆ ಹರಿದರೆ ಇಲ್ಲಿ ಮಲಗಬಾರದು’ ಅಂದರು. ಆ ಮನೆ ಅವರೇ ಮಾರಬೇಕಾದ ಮನೆ.

ಮಡಿಕೇರಿಗೆ ವರ್ಷಕ್ಕೆ ನೂರು ಇಂಚಿನ ಮೇಲೆ ಮಳೆ. ಏಪ್ರಿಲ್ ಮೇ ತಿಂಗಳಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ತಂಗಿ, ದಯವಿಟ್ಟು ಮಳೆ ನೋಡದೆ ದುಡ್ಡು ಕೊಡಬೇಡ.

ಮೂರ್ನಾಡು_ಮಳೆ:
ಅಕ್ಕ, ಏನು ಹೇಳಲಿ ಗೊತ್ತಾಗುತ್ತಿಲ್ಲ. ನೀವು ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮಳೆ ನೋಡಿಯೇ ಮುಂದಿನ ಮಾತು, ಅಮ್ಮನಿಗೂ ಹೇಳಿದೆ.

ಕಾವೇರಿ_ದಂಡೆ:
ಅಡ್ವಾನ್ಸ್ ವಿಷಯ ನನಗೆ ಗೊತ್ತಿರುವಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಬ್ರೋಕರ್ ಕೈಗೆ ಟೋಕನ್ ಕೊಡಲೇಬಾರದು. ಓನರ್ ಖಾತೆಗೇ ಹಾಕಿ, ಅದೂ ಕರಾರು ಪತ್ರ ಆದ ಮೇಲೆ. ಬ್ಯಾಂಕ್ ಸಾಲ ಆಗದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ. ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಋಣಭಾರ ಪತ್ರ 13 ವರ್ಷದ್ದು ಸಾಕು.

ಬಾಂಡ್_ಪೇಪರ್:
ಮೊದಲಿನದೆಲ್ಲ ಸರಿ, 13 ವರ್ಷ ಸಾಲದು. ನನ್ನ ವಕೀಲರು 30 ವರ್ಷದ್ದು ತೆಗೆಸಿದರು. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ 2004ರಿಂದ ಈಚೆಗಿನದು ಸಿಗುತ್ತದೆ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನನ್ನ ಕೇಸಿನಲ್ಲಿ 1998ರ ಒಂದು ಅಡಮಾನ ಅಲ್ಲೇ ಸಿಕ್ಕಿತು.

ಇನ್ನೊಂದು. ನಗದು 20,000 ಅಥವಾ ಅದಕ್ಕಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಂಡರೆ ಮಾರುವವರಿಗೆ ದಂಡ ಬೀಳುತ್ತದೆ. ‘ಅರ್ಧ ಕ್ಯಾಶ್ ಕೊಡಿ, ರಿಜಿಸ್ಟ್ರೇಷನ್ ಖರ್ಚು ಉಳಿಯುತ್ತದೆ’ ಅನ್ನುವ ಬ್ರೋಕರ್ ನಿಮ್ಮ ಒಳ್ಳೆಯದಕ್ಕೆ ಹೇಳುತ್ತಿಲ್ಲ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮಾರುವವರ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರು ಕೊಳ್ಳುವವರೇ, ಅಂದರೆ ನೀವು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್ ಬೇರೆ. ಹಾಗಾಗಿ 60 ಲಕ್ಷ ಕೈಯಲ್ಲಿದ್ದರೆ 60ರ ಮನೆ ನೋಡಬೇಡಿ. ಇದನ್ನು ಮೊದಲ ದಿನವೇ ಲೆಕ್ಕ ಹಾಕಿ ಹೇಳುವ ಬ್ರೋಕರ್ ಸಿಕ್ಕರೆ ಬಿಡಬೇಡಿ.

ಗೋಣಿಕೊಪ್ಪ_ಗೃಹಿಣಿ:
ಹೆಣ್ಣುಮಗಳು ಮನೆ ನೋಡಲು ಹೋಗುವ ಕಷ್ಟ ಬೇರೆಯೇ ಇದೆ. ದುಡ್ಡು ನನ್ನದು, ಸಾಲ ನನ್ನ ಹೆಸರಲ್ಲಿ, ಬ್ರೋಕರ್ ಮಾತ್ರ ಪೂರ್ತಿ ಹೊತ್ತು ನನ್ನ ಯಜಮಾನರ ಮುಖ ನೋಡಿಯೇ ಮಾತಾಡುತ್ತಿದ್ದರು. ನನಗೆ ಅಡುಗೆ ಮನೆ ತೋರಿಸಿ ಕಳಿಸಿದರು. ಎರಡನೇ ದಿನವೇ ಬದಲಾಯಿಸಿದೆ.

ಬ್ರೋಕರ್ ಹುಡುಕಲು ನಾನು ಮಾಡಿದ್ದು ಇಷ್ಟು. ನನಗೆ ಇಷ್ಟವಾದ ಏರಿಯಾದ ಆಟೋ ಸ್ಟ್ಯಾಂಡ್, ಹಾಲಿನ ಬೂತ್, ನ್ಯಾಯಬೆಲೆ ಅಂಗಡಿ ಮೂರೂ ಕಡೆ ಕೇಳಿದೆ: ‘ಇಲ್ಲಿ ಮನೆ ಮಾಡಿಸಿದವರಲ್ಲಿ ಯಾರ ಮೇಲೆ ಜಗಳ ಬಂದಿಲ್ಲ?’ ಎರಡು ಕಡೆ ಒಂದೇ ಹೆಸರು ಬಂತು. ಅವರು ಮಾಡಿಸಿಕೊಟ್ಟ ಎರಡು ಮನೆಯವರನ್ನು ಹೋಗಿ ಮಾತಾಡಿಸಿದೆ. ಕಾಫಿ ಕೊಟ್ಟು ಒಂದು ಗಂಟೆ ಕೂರಿಸಿಕೊಂಡು ಎಲ್ಲ ಹೇಳಿದರು.

ಹಾರಂಗಿ_ಹಕ್ಕಿ:
ಜಗಳ ಬಂದಿಲ್ಲ ಯಾರ ಮೇಲೆ ಅಂತ ಕೇಳಿದ್ದು ಚೆನ್ನಾಗಿದೆ ಅಕ್ಕ. ಒಳ್ಳೆಯವರು ಯಾರು ಅಂತ ಕೇಳಿದರೆ ಎಲ್ಲರೂ ತಮ್ಮ ಭಾವಮೈದುನನ ಹೆಸರೇ ಹೇಳುತ್ತಾರೆ.

ಕಾವೇರಿ_ದಂಡೆ:
ಒಂದು ಸಣ್ಣ ಸಂದೇಹ. ಗುಂಟೆಗೆ ಎಷ್ಟು ಸೆಂಟ್? ಮೈಸೂರಿನ ಭಾವ ಗುಂಟೆಯಲ್ಲೇ ಕೇಳುತ್ತಾರೆ, ನಮಗೆ ಸೆಂಟ್ ಬಿಟ್ಟು ತಲೆಗೆ ಹೋಗುವುದಿಲ್ಲ.

ಸರಪಳಿ_ಅಳತೆ:
ಎಕರೆಗೆ 100 ಸೆಂಟ್, 40 ಗುಂಟೆ. ಅಂದರೆ ಗುಂಟೆಗೆ ಎರಡೂವರೆ ಸೆಂಟ್. ಒಂದು ಸೆಂಟ್ ಅಂದರೆ 435.6 ಚದರಡಿ. ಬ್ರೋಕರ್ ಬಾಯಲ್ಲಿ ಹೇಳಿದ ಸೆಂಟ್ ಲೆಕ್ಕಕ್ಕೆ ಬರುವುದಿಲ್ಲ, ಟೇಪ್ ಹಿಡಿದು ಅಳೆಸಿ. ಐದು ಅಂತ ಹೇಳಿ ನಾಲ್ಕು ಚಿಲ್ಲರೆ ಇದ್ದದ್ದನ್ನು ಬೇಕಾದಷ್ಟು ನೋಡಿದ್ದೇನೆ. ಬೇಲಿ ಒಳಗಿರುವುದೆಲ್ಲ ಪಟ್ಟೆ ಜಾಗವೇ ಆಗಬೇಕು ಅಂತಿಲ್ಲ, ಪೈಸಾರಿ ಸೇರಿಕೊಂಡಿರಬಹುದು, ದೇವರಕಾಡಿನ ಅಂಚು ಇರಬಹುದು. ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ, ಗಡಿ ತೀರ್ಮಾನಕ್ಕೆ ಸರ್ವೆಯೇ ಆಗಬೇಕು.

ಮೂರ್ನಾಡು_ಮಳೆ:
ಎಲ್ಲರಿಗೂ ನಮಸ್ಕಾರ, ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಈಗ ಜುಲೈ ಕೊನೆ, ಹೊರಗೆ ಮಳೆ ಬಿಟ್ಟಿಲ್ಲ.

ಗೋಣಿಕೊಪ್ಪದ ಅಕ್ಕ ಹೇಳಿದ ಹಾಗೆ ಆಟೋ ಸ್ಟ್ಯಾಂಡ್‌ನಲ್ಲಿ ಕೇಳಿದೆ. ಒಬ್ಬರ ಹೆಸರು ಬಂತು. ವಯಸ್ಸಾದವರು, ಆಫೀಸ್ ಅಂತ ಇಲ್ಲ, ಒಂದು ಹಳೇ ಬ್ಯಾಗು, ಅದರ ತುಂಬಾ ಜೆರಾಕ್ಸ್. ನಾನು ಒಂದು ಪಹಣಿ ಕೊಟ್ಟು ಸುಮ್ಮನೆ ಕೂತೆ. ಕನ್ನಡಕ ಹಾಕಿಕೊಂಡು ನೋಡಿದವರೇ, ‘ಇದರಲ್ಲಿ ಆರು ಜನರ ಹೆಸರಿದೆಯಲ್ಲಮ್ಮ, ನಿಮಗೆ ಮಾತಾಡಿದವರು ಎಷ್ಟು ಜನ?’ ಅಂದರು. ಸರಪಳಿ ಅಂಕಲ್, ಆ ಕ್ಷಣ ನಿಮ್ಮನ್ನೇ ನೆನೆದೆ. ಕಮಿಷನ್ ಬರೆದುಕೊಳ್ಳೋಣವಾ ಅಂದೆ, ಅವರೇ ಪೆನ್ ತೆಗೆದರು.

ನಾನು ಕೇಳಿದ ಎರಡು ಮನೆ ತೋರಿಸಲು ಒಪ್ಪಲಿಲ್ಲ. ಒಂದಕ್ಕೆ ದಾರಿ ಪಕ್ಕದವರ ಜಾಗದಲ್ಲಿದೆಯಂತೆ. ಇನ್ನೊಂದಕ್ಕೆ ಹಿಂದೆ ಬರೆ. ಮೂರನೆಯದು ತೋರಿಸಿದರು. ಮೇಕೇರಿ ಕಡೆ, ಹಳೇ ಹಂಚಿನ ಮನೆ, ಏಳೂವರೆ ಸೆಂಟ್, ನಮೂನೆ 9 ಮತ್ತು 11ಎ ಇದೆ, ಪರಿವರ್ತನೆ ಆದೇಶದ ಪ್ರತಿಯೂ ಇದೆ. ಮೆಟ್ಟಿಲು ಎರಡೇ. ಮೇ ತಿಂಗಳಲ್ಲಿ ನೋಡಿದಾಗಲೇ ಅಮ್ಮನಿಗೆ ಇಷ್ಟವಾಯಿತು. ಆದರೆ ಅವರೇ, ‘ಈಗ ಬೇಡ, ಕಕ್ಕಡದಲ್ಲಿ ಇನ್ನೊಂದು ಸಲ ಬನ್ನಿ, ಓನರ್‌ಗೆ ನಾನು ಹೇಳುತ್ತೇನೆ’ ಅಂದರು. ಕಾಫಿಹೂವು, ನಾನು ಕೇಳಲೇ ಇಲ್ಲ, ಅವರೇ ಹೇಳಿದ್ದು.

ಹೋದ ಭಾನುವಾರ ಹೋಗಿದ್ದೆವು. ಅಡುಗೆ ಮನೆಯಲ್ಲಿ ಒಂದು ಕಡೆ ಹಂಚು ಸೋರುತ್ತದೆ, ಓನರ್ ಅಲ್ಲಿ ಪಾತ್ರೆ ಇಟ್ಟಿದ್ದರು. ಮುಚ್ಚಿಡಲಿಲ್ಲ. ಅಂಗಳದ ನೀರು ಹರಿದು ಹೋಗುತ್ತದೆ, ನಿಲ್ಲುವುದಿಲ್ಲ. ಹಿಂದೆ ಬರೆ ಇಲ್ಲ, ಇಳಿಜಾರಿನ ಕಾಫಿ ತೋಟ. ಚೌಕಟ್ಟಿನ ಬುಡ ನಾನೇ ಒತ್ತಿ ನೋಡಿದೆ, ಗಟ್ಟಿ ಇದೆ. ಬೆಲೆ 52 ಹೇಳುತ್ತಿದ್ದಾರೆ. ಮೂವರೂ ಒಟ್ಟಿಗೆ ಕೂತೇ ಮಾತಾಡಿದ್ದೇವೆ. 30 ವರ್ಷದ ಋಣಭಾರ ಪತ್ರಕ್ಕೆ ಅರ್ಜಿ ಹಾಕಿದ್ದೇನೆ. ಇನ್ನೂ ಒಂದು ರೂಪಾಯಿ ಕೊಟ್ಟಿಲ್ಲ.

ನೀರಿನ_ಗುರುತು:
ಓದಿ ಎಷ್ಟು ಸಮಾಧಾನ ಆಯಿತು ಗೊತ್ತಾ. ಹಂಚು ಸೋರಿದರೆ ಏನೂ ಇಲ್ಲ, ನಾಲ್ಕು ಹಂಚು ಬದಲಾಯಿಸಿದರೆ ಆಯಿತು.

ಬಾಂಡ್_ಪೇಪರ್:
52ಕ್ಕೆ ನಿಂತರೆ ಟಿಡಿಎಸ್ ಮರೆಯಬೇಡಿ.

ಮಕ್ಕಂದೂರಿನವಳು:
ಇಳಿಜಾರಿನ ತೋಟ ಅಂದೆಯಲ್ಲ ತಂಗಿ, ತೋಟ ಮನೆಗಿಂತ ಮೇಲಿದೆಯಾ ಕೆಳಗಿದೆಯಾ? ಮೇಲಿದ್ದರೆ ಅಲ್ಲಿನ ನೀರು ಯಾವ ಕಡೆಗೆ ಇಳಿಯುತ್ತದೆ, ಮೇಲೆ ಯಾರಾದರೂ ಇಂಗುಗುಂಡಿ, ಕೆರೆ ತೋಡಿದ್ದಾರಾ ಅಂತ ಹತ್ತಿ ನೋಡಿದೆಯಾ?

ಮೂರ್ನಾಡು_ಮಳೆ:
ಮೇಲಿದೆ ಅಕ್ಕ. ಜಿಗಣೆ ಜಾಸ್ತಿ ಅಂತ ಅರ್ಧಕ್ಕೇ ವಾಪಸ್ ಬಂದೆ. ಶನಿವಾರ ಮತ್ತೆ ಹೋಗುತ್ತಿದ್ದೇನೆ, ಈ ಸಲ ಪೂರ್ತಿ ಹತ್ತುತ್ತೇನೆ.

ಮಕ್ಕಂದೂರಿನವಳು:
ಶನಿವಾರ ಬೆಳಿಗ್ಗೆ ನಾನು ಮಡಿಕೇರಿಯಲ್ಲೇ ಇರುತ್ತೇನೆ. ಬೇಕಾದರೆ ಜೊತೆಗೆ ಬರುತ್ತೇನೆ, ಎಲ್ಲಿ ನಿಲ್ಲಬೇಕು ಹೇಳು. ಹೊಗೆಸೊಪ್ಪಿನ ನೀರು ಕಾಲಿಗೆ ಹಚ್ಚಿಕೊಂಡು ಬಾ, ಜಿಗಣೆ ಹತ್ತುವುದಿಲ್ಲ.

ಸರಪಳಿ_ಅಳತೆ:
ನಾನೂ ಬರುತ್ತೇನೆ ಮಗಳೇ. ಟೇಪ್ ನನ್ನ ಹತ್ತಿರ ಇದೆ. ಆ ಬ್ರೋಕರ್ ಅವರಿಗೂ ಮೊದಲೇ ಹೇಳಿಬಿಡು.